ಗಂಡುಬಾಣಂತಿ ಗುಡ್ಡ

ಕೆಂಗುಂಟೆಗೂ ಎರೆಹಾಳಿಗೂ ನಡುವೆ ಒಂದು ಗುಡ್ಡವಿದೆ. ಎತ್ತರವೇನೂ ಇಲ್ಲ, ಸುಣ್ಣದಕಾಯಿ ಹಿಡಿದುಕೊಂಡು ಹೊರಟ ಮುದುಕರೂ ಒಂದು ಎಲೆಯಡಿಕೆ ಮುಗಿಯುವುದರೊಳಗೆ ಅರ್ಧ ದಾರಿ ಹತ್ತಿಬಿಡುತ್ತಾರೆ. ಆ ಅರ್ಧ ದಾರಿಯಲ್ಲಿ ಅಗಲವಾದ ಒಂದು ಹಾಸುಬಂಡೆ, ಅದರ ಅಂಚಿಗೆ ಹಳೆಯ ಹುಣಸೆಮರ, ಮರದ ಸುತ್ತ ಒತ್ತಾಗಿ ಬೆಳೆದ ಲಕ್ಕಿ ಗಿಡಗಳು. ಬಂಡೆಯ ಮೇಲೆ ದನ ನೀರು ಕುಡಿಯುವಂಥ ಎರಡು ಕಲ್ಲುಬಾನಿಗಳು ಅಕ್ಕತಂಗಿಯರಂತೆ ಮಗ್ಗುಲಲ್ಲಿ ಮಗ್ಗುಲಿಟ್ಟು ಕೂತಿವೆ. ನೀರಿರುವ ದೊಣೆ ಗುಡ್ಡದ ನೆತ್ತಿಯಲ್ಲಿ, ನೀರು ಕುಡಿಸುವ ಬಾನಿ ಗುಡ್ಡದ ನಡುವಿನಲ್ಲಿ! ಇದೇನು ವ್ಯವಸ್ಥೆ ಎಂದು ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. ಬಾನಿಗಳಿಗೆ ಬೆನ್ನು ಮಾಡಿ, ಹುಣಸೆಮರಕ್ಕೆ ಮುಖ ಮಾಡಿ ಕೂರುವಂತೆ ಒಂದು ಗುಂಡು ಬೇರೆ ಇದೆ. ಕೂತೂ ಕೂತೂ ಅದರ ಮೈ ನುಣ್ಣಗಾಗಿದೆ.

ಈ ಗುಡ್ಡಕ್ಕೆ ಗಂಡುಬಾಣಂತಿ ಗುಡ್ಡವೆಂದು ಹೆಸರು. ಬಾಣಂತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಂದವರ ಮುಖ ಬಾಡುತ್ತದೆ. ನಮ್ಮ ಸೀಮೆಯಲ್ಲಿ ಬಾಣಂತಿಯ ಹೆಸರಿರುವ ಕಲ್ಲು, ಕೆರೆಗಳಿಗೆಲ್ಲ ಒಂದು ಕಣ್ಣೀರಿನ ಕಥೆ ಗಂಟುಬಿದ್ದಿರುವುದು ನಿಜ. ಕಳೆದ ವರ್ಷ ಒಬ್ಬ ಮಹನೀಯರು ಬಾನಿಯ ಮುಂದೆ ಕೈಮುಗಿದು, ಕಣ್ಣು ಒರೆಸಿಕೊಂಡು, ಪಾಪ ಯಾವ ತಾಯಿಯೋ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಇಲ್ಲಿ ಯಾವ ತಾಯಿಯೂ ಸಾಯಲಿಲ್ಲ, ಯಾವ ಸೊಸೆಯೂ ಹಾರವಾಗಲಿಲ್ಲ. ಇಲ್ಲಿ ಬಾಣಂತಿಯರಾದವರು ಎರಡು ಊರಿನ ಮೀಸೆ ಹೊತ್ತ ಗಂಡಸರು. ಅಷ್ಟೇ ಅಲ್ಲ, ಒಬ್ಬ ಪಾಳೆಯಗಾರ ಕೂಡ. ನನ್ನ ಅಜ್ಜಿ ಈ ಕಥೆ ಹೇಳುವಾಗ ನಗುವಿಗೆ ಉಸಿರು ಸಾಲದೆ ನಡುನಡುವೆ ಗೋಡೆ ಹಿಡಿದುಕೊಳ್ಳುತ್ತಿದ್ದಳು. ನಾನು ಅಷ್ಟು ಚೆನ್ನಾಗಿ ಹೇಳಲಾರೆ, ಆದರೂ ಹೇಳುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಗುಡ್ಡದ ಹುಲ್ಲಿಗಾಗಿ ಎರಡೂ ಊರಿನವರಿಗೆ ಹಾವು ಮುಂಗುಸಿಯ ಹಗೆ ಬಿದ್ದಿತ್ತು. ಇವರ ದನವನ್ನು ಅವರು ಅಟ್ಟುವುದು, ಅವರ ದನವನ್ನು ಇವರು ಕಟ್ಟಿಹಾಕುವುದು, ಆಮೇಲೆ ಇಬ್ಬರೂ ಪಾಳೆಯಗಾರನ ಬಾಗಿಲಿಗೆ ಹೋಗುವುದು. ಆತನಿಗೆ ಬೇಟೆಯೆಂದರೆ ಪ್ರಾಣ, ಪಂಚಾಯಿತಿಯೆಂದರೆ ತಲೆನೋವು. ಒಂದು ದಿನ ಬೇಸತ್ತು, ಹೀಗೊಂದು ಕಟ್ಟಳೆ ಮಾಡಿದನೆನ್ನುತ್ತಾರೆ. ದೊಣೆಯ ಅಂಚು ಜಾರು; ದನಗಳು ಬಗ್ಗಿ ಕುಡಿಯಲು ಹೋಗಿ ಒಳಗೆ ಬೀಳುತ್ತವೆ. ಆದ್ದರಿಂದ ಯಾವ ಊರಿನವರು ತಮ್ಮ ಹೊಲದ ಕಲ್ಲಿನಲ್ಲಿ ಬಾನಿ ಕಡೆದು, ತಾವೇ ಹೊತ್ತು, ಉಗಾದಿಯ ಚಂದ್ರ ಕಾಣುವ ಹೊತ್ತಿಗೆ ದೊಣೆಯ ಪಕ್ಕದಲ್ಲಿ ಮೊದಲು ಇಡುತ್ತಾರೋ ಗುಡ್ಡ ಅವರದು. ಇಬ್ಬರೂ ಇಡದಿದ್ದರೆ ಗುಡ್ಡ ತನ್ನ ಲಾಯದ ಕುದುರೆಗಳದು. ತಾನೇ ಬಂದು ನೋಡಿ, ಚಂದ್ರನ ಎದುರಿಗೇ ತೀರ್ಪು ಹೇಳುವುದಾಗಿಯೂ ಆತ ಮಾತು ಕೊಟ್ಟನು. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಕೆಂಗುಂಟೆಯ ಮುಂದಾಳು ನುಂಕಪ್ಪನೆಂಬವನು ಇದ್ದನಲ್ಲ, ಅವನಿಗೆ ಮೈಯೆಲ್ಲ ಹುಮ್ಮಸ್ಸು, ಮುಖದ ತುಂಬ ಮೀಸೆ. ತುಂಬಿದ ಸಭೆಯಲ್ಲಿ ಆ ಮೀಸೆಯ ಮೇಲೆ ಕೈಯಿಟ್ಟು, ತನ್ನ ಊರು ಸೋತರೆ ಇದನ್ನು ಇಲ್ಲಿಯೇ ಬೋಳಿಸಿಕೊಳ್ಳುವೆನೆಂದು ಆಣೆ ಮಾಡಿಬಿಟ್ಟನು.

ಎರಡೂ ಊರಿನಲ್ಲಿ ಬಾನಿಗಳು ಸಿದ್ಧವಾದವು. ಕಲ್ಲು ಹೊರುವುದರಲ್ಲಿ ಪಳಗಿದ ಒಡ್ಡರನ್ನು ಕರೆಯಬಹುದಿತ್ತು. ಆದರೆ ತಾವೇ ಹೊರಬೇಕೆಂಬುದು ಕಟ್ಟಳೆ. ಕೆಂಗುಂಟೆಯವರು ದನ ಮೇಯಿಸಿ, ಜೋಳ ಬಿತ್ತಿ ಬಾಳಿದವರು. ಹುಲ್ಲುಹೊರೆಗಿಂತ ಭಾರವಾದದ್ದನ್ನು ಹೆಗಲು ಕಂಡಿರಲಿಲ್ಲ. ಹಗ್ಗ ಬಿಗಿದು, ಗಳ ತೂರಿಸಿ, ಹೋ ಎಂದು ಕೂಗಿ, ಒಂದೇ ದಿನದ ಹಟದಲ್ಲಿ ಬಾನಿಯನ್ನು ನಡುಗುಡ್ಡದ ಹಾಸುಬಂಡೆಯವರೆಗೆ ತಂದುಬಿಟ್ಟರು. ಚಂದ್ರ ಕಾಣಲು ಇನ್ನೂ ಎರಡು ದಿನವಿತ್ತು. ಉಳಿದದ್ದನ್ನು ಬೆಳಗಾದ ಮೇಲೆ ಆಟವಾಡುತ್ತ ಏರಿಸೋಣವೆಂದು ಹಾಡಿಕೊಂಡು ಇಳಿದರು. ಬೆಳಗಾಯಿತು. ಏಳಬೇಕಾದವರು ಒಬ್ಬರೂ ಏಳಲಿಲ್ಲ. ತೊಡೆ ಬಿಗಿದು ಕೊರಡಾಗಿತ್ತು, ಹೆಗಲು ಹಿಡಿದುಕೊಂಡಿತ್ತು, ನಡು ಇದೆಯೋ ಇಲ್ಲವೋ ಎಂಬುದು ನೋವಿನಿಂದ ಮಾತ್ರ ಗೊತ್ತಾಗುತ್ತಿತ್ತು. ಕೇರಿಯ ಉದ್ದಕ್ಕೂ ಪ್ರತಿ ಮನೆಯ ಜಗುಲಿಯಿಂದಲೂ ಅಯ್ಯೋ ಅಮ್ಮಾ ಎಂಬ ಒಂದೇ ರಾಗ ಕೇಳುತ್ತಿತ್ತಂತೆ. ನುಂಕಪ್ಪ ಉಣ್ಣುವ ತಟ್ಟೆಗೆ ಕೈ ಚಾಚಲಾರದೆ ತಟ್ಟೆಯನ್ನೇ ನೋಡುತ್ತ ಕೂತಿದ್ದನು.

ಅವನು ಕೂತದ್ದು ಅತ್ತೆಯ ಮನೆಯ ಜಗುಲಿಯ ಮೇಲೆ. ಹೆಂಡತಿ ಹೊನ್ನಕ್ಕ ಅದೇ ಊರಿನ ತವರುಮನೆಯಲ್ಲಿ ಹೆತ್ತು ಮಲಗಿದ್ದಳು. ಅತ್ತೆ ಕ್ಯಾತಮ್ಮ ಸುತ್ತಲ ಹಳ್ಳಿಗಳಲ್ಲೆಲ್ಲ ಬಾಣಂತಿಯರಿಗೆ ನೀರು ಹಾಕುವವಳೆಂದು ಹೆಸರಾದವಳು. ಅವಳ ನೀರೆಂದರೆ ಸಾಮಾನ್ಯದ ನೀರಲ್ಲ. ಲಕ್ಕಿ ಸೊಪ್ಪು, ಹುಣಸೆ ಸೊಪ್ಪು ಎರಡನ್ನೂ ಹಂಡೆಗೆ ತುಂಬಿ, ಹಿಡಿಗಟ್ಟಲೆ ಕಲ್ಲುಪ್ಪು ಸುರಿದು, ನೀರು ಕಂದು ಬಣ್ಣಕ್ಕೆ ತಿರುಗಿ ಮನೆಯೆಲ್ಲ ಘಾಟು ಹಬ್ಬುವವರೆಗೆ ಕುದಿಸುತ್ತಿದ್ದಳು. ಮೊದಲು ಹರಳೆಣ್ಣೆ ತಿಕ್ಕಿ, ಆಮೇಲೆ ಆ ನೀರನ್ನು ಬಿಸಿಬಿಸಿಯಾಗಿ ನಡುವಿಗೂ ತೊಡೆಗೂ ಹೊಯ್ದರೆ, ಹೆತ್ತು ಹಣ್ಣಾದ ಮೈ ಹೂವಾಗುತ್ತಿತ್ತು. ಆ ದಿನವೂ ಹೊನ್ನಕ್ಕನಿಗಾಗಿ ಹಂಡೆ ಕುದಿಯುತ್ತಿತ್ತು. ಗಂಡನ ನರಳಾಟ ಕೇಳಿ ಕೇಳಿ ಸಾಕಾದ ಹೊನ್ನಕ್ಕ, ಇವತ್ತು ತನ್ನ ನೀರನ್ನು ಆತನಿಗೇ ಹಾಕೆಂದು ತಾಯಿಗೆ ಹೇಳಿದಳು. ಕ್ಯಾತಮ್ಮ ಬೆಚ್ಚಿಬಿದ್ದಳು. ಬಾಣಂತಿಯ ನೀರು ಗಂಡಸಿನ ಮೈಗೆ ಬಿದ್ದರೆ ಮೀಸೆ ಉದುರುತ್ತದೆಂದು ಎಲ್ಲರೂ ನಂಬಿದ್ದ ಕಾಲ. ಸಾಲದ್ದಕ್ಕೆ ಅತ್ತೆ ಅಳಿಯ ಎದುರುಬದುರಾಗಿ ಮಾತನಾಡುವ ವಾಡಿಕೆಯೇ ಇರಲಿಲ್ಲ. ಮದುವೆಯಾದಂದಿನಿಂದ ಅವರಿಬ್ಬರ ನಡುವಿನ ಮಾತೆಲ್ಲ ಗೋಡೆಗೋ ಕಂಬಕ್ಕೋ ಹೇಳಿದಂತೆ ಹೇಳಿದ್ದು.

ಕ್ಯಾತಮ್ಮ ಬಾಗಿಲ ಮರೆಯಲ್ಲಿ ನಿಂತು, ಜಗುಲಿಯ ಕಂಬವನ್ನು ಉದ್ದೇಶಿಸಿ ನುಡಿದಳು: "ಕಂಬವೇ, ಅಳಿಯಂದಿರಿಗೆ ಹೇಳು. ನೀರು ಹಾಕಿಸ್ತೀನಿ. ಆದರೆ ಅರೆಬರೆ ಬಾಣಂತನ ಮೈ ಕೆಡಿಸ್ತದೆ. ಮಾಡಿದ್ರೆ ಪೂರಾ ಮಾಡ್ಬೇಕು. ತಲೆಗೆ ಬಟ್ಟೆ, ಕಿವಿಗೆ ಅರಳೆ, ನಡುಕಟ್ಟು, ಕಂಬಳಿ, ಲೋಬಾನದ ಹೊಗೆ. ಮೈ ಬೆವತು ಆರೋವರೆಗೆ ಬಾಯಿ ಬಿಡಂಗಿಲ್ಲ. ನಾನು ಏಳು ಅಂದಾಗ ಏಳ್ಬೇಕು."

ಹೇಗೂ ಬಾನಿ ಏರದಿದ್ದರೆ ಮೀಸೆ ಹೋಗುವುದೇ. ನೀರಿನಿಂದ ಹೋದರೇನು, ಕತ್ತಿಯಿಂದ ಹೋದರೇನು ಎಂದು ನುಂಕಪ್ಪ ಒಪ್ಪಿದನು. ಹಿತ್ತಿಲಲ್ಲಿ, ಕಲ್ಲು ಹೊರುವ ವಯಸ್ಸಾಗದ ಅವನ ತಮ್ಮ ನೀರು ಹೊಯ್ದ. ನುಂಕಪ್ಪ ಎರಡು ಬೆರಳಿನಿಂದ ಮೀಸೆಯನ್ನು ಭದ್ರವಾಗಿ ಹಿಡಿದುಕೊಂಡೇ ಕೂತ. ಸೂರ್ಯ ಮಾರುದ್ದ ಏರುವ ಹೊತ್ತಿಗೆ ಕೈ ಎತ್ತಿದ, ನೆತ್ತಿಗೆ ಬರುವ ಹೊತ್ತಿಗೆ ಕುಕ್ಕರಗಾಲಲ್ಲಿ ಕೂತು ಎದ್ದ. ಮೀಸೆ ಇದ್ದಲ್ಲೇ ಇತ್ತು. ಸುದ್ದಿ ಕೇರಿಗೆ ಹಬ್ಬಿ, ಊರಿನ ಗಂಡಸರೆಲ್ಲ ಕ್ಯಾತಮ್ಮನ ಹಿತ್ತಿಲಿಗೆ ತೆವಳಿಕೊಂಡು ಬಂದರು. ಅಷ್ಟು ಜನಕ್ಕೆ ಹಂಡೆ ಎಲ್ಲಿ ಸಾಕು? ಆಗ ಕ್ಯಾತಮ್ಮನಿಗೆ ಗುಡ್ಡದ ಮೇಲೆ ಖಾಲಿ ಬಿದ್ದಿದ್ದ ಬಾನಿ ನೆನಪಾಯಿತು. ಲಕ್ಕಿಯೂ ಅಲ್ಲೇ, ಹುಣಸೆಯೂ ಅಲ್ಲೇ, ಒಣಕಟ್ಟಿಗೆಯೂ ಅಲ್ಲೇ. ಹೆಂಗಸರು ಗಂಡಂದಿರನ್ನು ಕೈಹಿಡಿದು, ಹಿಂದಿನಿಂದ ನೂಕಿ, ಬಯ್ದು, ನಕ್ಕು ಬಂಡೆಯವರೆಗೆ ಹತ್ತಿಸಿದರು. ನೆತ್ತಿಯ ದೊಣೆಯಿಂದ ಕೊಡಗಟ್ಟಲೆ ನೀರು ತಂದು ಬಾನಿಗೆ ಸುರಿದರು. ಕಲ್ಲಿನ ಕೆಳಗೆ ಬೆಂಕಿ ಹಾಕಿದರೆ ಬಾನಿ ಸೀಳುತ್ತದೆಂದು, ಗುಂಡುಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ ಒಂದೊಂದಾಗಿ ನೀರಿಗೆ ಬಿಟ್ಟರು. ಚೊಯ್ ಎಂದು ಹಬೆ ಎದ್ದು, ಸೊಪ್ಪು ಬಾಡಿ, ಉಪ್ಪು ಕರಗಿ, ನೀರು ಹದಕ್ಕೆ ಬಂತು. ಕ್ಯಾತಮ್ಮ ಗಂಡಸರ ಮೈ ಕಾಣದಂತೆ, ಅಳಿಯನ ಮುಖವೂ ಕಾಣದಂತೆ ಗುಂಡಿನ ಮೇಲೆ ಬೆನ್ನು ಮಾಡಿ ಕೂತು, ಹುಣಸೆಮರಕ್ಕೆ ಅಪ್ಪಣೆ ಕೊಡುತ್ತಿದ್ದಳು. ಒಬ್ಬೊಬ್ಬನೇ ಕುತ್ತಿಗೆವರೆಗೆ ಬಾನಿಯಲ್ಲಿ ಮುಳುಗಿ, ಆಹಾ ಎಂದು ಕಣ್ಣು ಮುಚ್ಚಿ, ಇಳಿದು ಕಂಬಳಿ ಹೊದೆದು ಸಾಲಾಗಿ ಕೂತನು.

ಚೈತ್ರದ ಬಿಸಿಲು, ಕಾದ ಬಂಡೆ, ಮೇಲೆ ಕರಿಕಂಬಳಿ, ತಲೆಗೆ ಬಿಗಿದ ಸೀರೆಯ ತುಂಡು, ಕಿವಿಯಲ್ಲಿ ಅರಳೆ, ಕೆಳಗೆ ಲೋಬಾನದ ಹೊಗೆ. ಅವುಗಳ ನಡುವಿನಿಂದ ಇಣುಕುವ ದಪ್ಪದಪ್ಪ ಮೀಸೆಗಳು. ಆ ಹೊತ್ತಿಗೆ ಸರಿಯಾಗಿ ಆಚೆಯ ದಾರಿಯಿಂದ ಎರೆಹಾಳಿನವರು ತಮ್ಮ ಬಾನಿ ಹೊತ್ತು ಅದೇ ಬಂಡೆಗೆ ಬಂದರು. ಎರಡೂ ದಾರಿ ಕೂಡುವುದು ಅಲ್ಲೇ. ಅವರ ಮುಂದಾಳು ಕಾಟಯ್ಯ ಈ ಬಾಣಂತಿಯರ ಸಾಲನ್ನು ಕಂಡು ಗಳವನ್ನೇ ಬಿಟ್ಟು ಕೂತುಬಿಟ್ಟನು. ಮಗು ಗಂಡೋ ಹೆಣ್ಣೋ ಎಂದು ಒಬ್ಬ ಕೇಳಿದರೆ, ತೊಟ್ಟಿಲು ಯಾವತ್ತು ಎಂದು ಇನ್ನೊಬ್ಬ ಕೇಳಿದನು. ಮಾತನಾಡುವಂತಿಲ್ಲವಾದ್ದರಿಂದ ಕೆಂಗುಂಟೆಯವರು ಕಣ್ಣಲ್ಲೇ ಬೆಂಕಿ ಕಾರುತ್ತ ಕೂತರು. ನಕ್ಕು ನಕ್ಕು ಎರೆಹಾಳಿನವರಿಗೆ ಹೊತ್ತು ಮುಳುಗಿದ್ದೇ ತಿಳಿಯಲಿಲ್ಲ. ಬಾನಿಯನ್ನು ಅಲ್ಲೇ ಪಕ್ಕದಲ್ಲಿಟ್ಟು, ಗಂಡುಬಾಣಂತಿಯರು ಗಂಡುಬಾಣಂತಿಯರು ಎಂದು ದಾರಿಯುದ್ದಕ್ಕೂ ಹಾಡಿಕೊಂಡು ಮನೆಗೆ ಹೋದರು. ಗುಡ್ಡಕ್ಕೆ ಹೆಸರಿಟ್ಟವರು ಅವರೇ ಎಂದು ಕೆಂಗುಂಟೆಯವರು ಹೇಳುತ್ತಾರೆ. ಎರೆಹಾಳಿನವರೂ ಅದನ್ನು ಅಲ್ಲಗಳೆಯುವುದಿಲ್ಲ.

ಮರುದಿನವೇ ಚಂದ್ರ ಕಾಣುವ ದಿನ. ಬೆಳಿಗ್ಗೆ ಕೆಂಗುಂಟೆಯವರು ಎದ್ದಾಗ ಮೈ ಎಳೆಗರುವಿನಂತೆ ಹಗುರಾಗಿತ್ತು. ಬಂಡೆಗೆ ಬಂದು, ಬಾನಿಯಲ್ಲಿ ಉಳಿದಿದ್ದ ನೀರನ್ನು ಚೆಲ್ಲಿ ಹಗ್ಗ ಬಿಗಿಯಲು ತೊಡಗಿದರು. ಪಕ್ಕದ ಬಾನಿಯ ಹತ್ತಿರ ನರಪಿಳ್ಳೆ ಇರಲಿಲ್ಲ. ನುಂಕಪ್ಪ ಮೀಸೆ ತಿರುವಿದನು. ಇನ್ನೇನು ಗಳಕ್ಕೆ ಹೆಗಲು ಕೊಡಬೇಕು, ಆಚೆಯ ದಾರಿಯಿಂದ ಕಾಟಯ್ಯ ಬಂದನು. ಬಂದನೆನ್ನುವುದಕ್ಕಿಂತ, ಒಂದು ಕೋಲನ್ನೂ ಹೆಂಡತಿಯ ಹೆಗಲನ್ನೂ ಊರಿಕೊಂಡು ಅಂಗುಲಂಗುಲವಾಗಿ ಸರಿದನೆನ್ನಬೇಕು. ಅವನ ಹಿಂದೆ ಎರೆಹಾಳಿನ ಉಳಿದ ಗಂಡಸರು ಅದೇ ಭಂಗಿಯಲ್ಲಿದ್ದರು. ಕಾಟಯ್ಯ ನುಂಕಪ್ಪನ ಮುಖ ನೋಡಲಾರದೆ ನೆಲ ನೋಡುತ್ತ, ಆ ನೀರು ಒಂದಿಷ್ಟು ಸಿಕ್ಕೀತೇ ಎಂದು ಕೇಳಿದನು.

ಈಗ ನುಂಕಪ್ಪನಿಗೆ ಧರ್ಮಸಂಕಟ. ಎರೆಹಾಳಿನ ಬಾನಿಗೆ ಇನ್ನೂ ಹೊಲದ ಮಣ್ಣು ಮೆತ್ತಿತ್ತು. ಬಿಸಿಕಲ್ಲಿಗೆ ಸೀಳದೆ ತಾಳಿದ್ದು, ಉಪ್ಪುಸೊಪ್ಪು ಕುಡಿದು ಪಳಗಿದ್ದು ಅವನ ಬಾನಿಯೊಂದೇ. ಅಷ್ಟು ಜನರ ಸ್ನಾನ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿ ಚಂದ್ರ ಬರುತ್ತದೆ. ಬಾನಿ ಏರದಿದ್ದರೆ ಗುಡ್ಡ ಕುದುರೆಗಳ ಪಾಲು, ಊರಿನ ದನ ಬೀದಿಪಾಲು, ತನ್ನ ಮೀಸೆ ಕತ್ತಿಯ ಪಾಲು. ಅವನು ಮುಖ ತಿರುಗಿಸಿ, ಬಾನಿ ಮೇಲಕ್ಕೆ ಹೋಗುವ ಹೊತ್ತಾಯಿತು, ಮನೆಯಲ್ಲಿ ಹಂಡೆ ಇದ್ದರೆ ಕಾಯಿಸಿಕೊಳ್ಳಿ ಎಂದುಬಿಟ್ಟನು. ತನ್ನವರಿಗೆ ಗಳ ಎತ್ತಲು ಸನ್ನೆ ಮಾಡಿದನು.

ಆಗ, ಅಂದೂ ಜೊತೆಗೆ ಬಂದು ಗುಂಡಿನ ಮೇಲೆ ಹುಣಸೆಮರ ನೋಡುತ್ತ ಕೂತಿದ್ದ ಕ್ಯಾತಮ್ಮ ಎದ್ದಳು. ಎದ್ದು ಹಿಂದಕ್ಕೆ ತಿರುಗಿದಳು. ಸೆರಗನ್ನು ಹಣೆಯಿಂದ ಸರಿಸಿ, ಅಳಿಯನ ಮುಖವನ್ನು ನೇರವಾಗಿ ನೋಡಿದಳು.

"ಅಳಿಯಂದಿರೇ, ನಿಮ್ಮ ಹೆಂಡ್ತಿ ಹುಟ್ಟಿದಾಗ ನಂಗೆ ಅವ್ವ ಇರಲಿಲ್ಲ. ಈ ಊರಾಗೆ ನೀರು ಹಾಕೋಕೆ ಯಾರೂ ಬರಲಿಲ್ಲ. ಎರೆಹಾಳಿಂದ ದಿನಾ ಬೆಳಿಗ್ಗೆ ಈ ಗುಡ್ಡ ಹತ್ತಿಳಿದು ಬಂದು ನಂಗೆ ನೀರು ಹಾಕಿದೋಳು ಈ ಕಾಟಯ್ಯನ ಅವ್ವ. ಲಕ್ಕಿ ಸೊಪ್ಪು, ಉಪ್ಪು, ಹದ, ಎಲ್ಲಾ ಅವಳು ಕಲಿಸಿದ್ದು. ನಿನ್ನೆ ನೀವು ಮಿಂದದ್ದು ಅವಳ ನೀರು."

ಅಷ್ಟು ಹೇಳಿ ಮತ್ತೆ ಸೆರಗೆಳೆದುಕೊಂಡು ಮರದ ಕಡೆಗೆ ತಿರುಗಿ ಕೂತಳು. ಅತ್ತೆ ಅಳಿಯನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ನುಂಕಪ್ಪ ಮೀಸೆಯನ್ನು ಒಮ್ಮೆ ಸವರಿಕೊಂಡನು, ಹೋಗುವವನನ್ನು ಸವರಿ ಬೀಳ್ಕೊಡುವ ಹಾಗೆ. ಹಗ್ಗ ಬಿಚ್ಚಲು ತಾನೇ ಮುಂದಾದನು. ಕೆಂಗುಂಟೆಯ ಗಂಡಸರು ನೀರು ಹೊತ್ತರು, ಕಲ್ಲು ಕಾಯಿಸಿದರು, ಹಗೆಯವರ ಬೆನ್ನಿಗೆ ಹರಳೆಣ್ಣೆ ತಿಕ್ಕಿದರು. ಎರೆಹಾಳಿನ ಬಾನಿಯನ್ನು ತೊಳೆದು ತಣ್ಣೀರು ತುಂಬಿ, ಬಿಸಿ ಹೆಚ್ಚಾದಾಗ ಬೆರಸಲು ಇಟ್ಟುಕೊಂಡರು. ಕಾಟಯ್ಯನನ್ನು ನೀರಿಗಿಳಿಸುವಾಗ ನುಂಕಪ್ಪ, ಮಗು ಗಂಡೋ ಹೆಣ್ಣೋ ಎಂದು ಮೆಲ್ಲಗೆ ಕೇಳಿದನೆಂದೂ, ಕಾಟಯ್ಯ ನಗಲು ಹೋಗಿ ಪಕ್ಕೆ ಹಿಡಿದುಕೊಂಡನೆಂದೂ ಹೇಳುತ್ತಾರೆ. ನನ್ನ ಅಜ್ಜಿ ಗೋಡೆ ಹಿಡಿಯುತ್ತಿದ್ದದ್ದು ಇಲ್ಲಿಯೇ.

ಹೊತ್ತು ಇಳಿಯುವಾಗ ಪಾಳೆಯಗಾರನ ಕುದುರೆ ಗುಡ್ಡದ ಬುಡದಲ್ಲಿ ಕಾಣಿಸಿತು. ಮೂರು ದಿನ ಕಾಡುಹಂದಿಯ ಬೆನ್ನು ಹತ್ತಿ, ಹಂದಿ ಸಿಗದೆ, ಜೀನಿನ ಮೇಲೆ ಕೂತು ಕೂತು ಆತನ ನಡು ಮುರಿದುಹೋಗಿತ್ತು. ಬಂಡೆಗೆ ಬಂದು ಕಂಡದ್ದೇನು? ದೊಣೆಯ ಪಕ್ಕದಲ್ಲಿರಬೇಕಾದ ಬಾನಿಗಳೆರಡೂ ನಡುದಾರಿಯಲ್ಲೇ ಇವೆ. ಇಲ್ಲಿ ಎರಡು ಊರಿನ ಗಂಡಸರು, ಒಬ್ಬರ ಹೆಗಲಿಗೆ ಒಬ್ಬರು ಒರಗಿ, ಕಂಬಳಿ ಹೊದೆದು, ಮೆಣಸು ಬೆಳ್ಳುಳ್ಳಿ ಸಾರು ಹೀರುತ್ತ ಕೂತಿದ್ದಾರೆ. ನುಂಕಪ್ಪ ಮುಂದೆ ಬಂದು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದನು. ಬಾನಿ ಏರಲಿಲ್ಲ, ಏರಿಸಬಹುದಾಗಿತ್ತು, ಏರಿಸಲಿಲ್ಲ ಎಂದನು. ಪಾಳೆಯಗಾರ ಗಂಭೀರವಾಗಿ ತಲೆಯಾಡಿಸುತ್ತ ಕುದುರೆಯಿಂದ ಇಳಿಯಹೋದವನು ಅರ್ಧಕ್ಕೇ ಹಿಡಿದುಕೊಂಡು ಅಮ್ಮಾ ಎಂದನು. ಆ ಅಮ್ಮಾ ಎಂಬ ರಾಗ ಅಲ್ಲಿದ್ದವರಿಗೆಲ್ಲ ಪರಿಚಿತವಾಗಿತ್ತು. ಹಬೆಯಾಡುವ ಬಾನಿಯನ್ನು ಆತ ನೋಡಿದ ನೋಟವೂ ಪರಿಚಿತವಾಗಿತ್ತು. ಚಂದ್ರ ಬರಲು ಇನ್ನೂ ಹೊತ್ತಿದೆಯಲ್ಲ, ತೀರ್ಪಿಗೆ ಮೊದಲು ತಾನೂ ಒಮ್ಮೆ ಇಳಿಯಬಹುದೇ ಎಂದು ಕೇಳಿದನು.

ಕ್ಯಾತಮ್ಮ ಮರಕ್ಕೆ ಹೇಳಿದಳು: ದೊರೆಯಾದರೂ ಅಷ್ಟೇ, ಕೂಲಿಯಾದರೂ ಅಷ್ಟೇ, ಮಾಡಿದರೆ ಪೂರಾ ಬಾಣಂತನ, ತಾನು ಏಳು ಎನ್ನುವವರೆಗೆ ಬಾಯಿ ಬಿಡುವಂತಿಲ್ಲ. ನಡುನೋವಿನ ಎದುರಿಗೆ ಆತ ಯಾವ ಷರತ್ತನ್ನಾದರೂ ಒಪ್ಪುತ್ತಿದ್ದನೇನೋ. ಎರಡೂ ಊರಿನವರ ಎದುರಿಗೆ ಹೂಂ ಎಂದನು. ಮೀಸೆಯನ್ನು ಎರಡು ಬೆರಳಿನಲ್ಲಿ ಹಿಡಿದು ಬಾನಿಗಿಳಿದನು. ನೀರು ನಡುವಿಗೆ ಮುಟ್ಟಿದಾಗ ಆತನ ಮುಖದಲ್ಲಿ ಮೂಡಿದ ನಗುವನ್ನು ಕಂಡು ಕುದುರೆಯೂ ಕೆನೆಯಿತೆಂದು ಹೇಳುವವರಿದ್ದಾರೆ. ಅದು ಸ್ವಲ್ಪ ಹೆಚ್ಚಾಯಿತು. ಮಿಂದೆದ್ದು, ತಲೆಗೆ ಸೀರೆಯ ತುಂಡು ಸುತ್ತಿಸಿಕೊಂಡು, ಕಿವಿಗೆ ಅರಳೆ ಇಡಿಸಿಕೊಂಡು, ನುಂಕಪ್ಪನಿಗೂ ಕಾಟಯ್ಯನಿಗೂ ನಡುವೆ ಕಂಬಳಿ ಹೊದೆದು ಕೂತನು. ಅಷ್ಟರಲ್ಲಿ ಪಡುವಣದಲ್ಲಿ ಉಗುರಿನಷ್ಟು ಚಂದ್ರ ಕಾಣಿಸಿತು. ಎಲ್ಲರೂ ಕೈಮುಗಿದರು. ನುಂಕಪ್ಪನ ಕೈ ಮೀಸೆಗೆ ಹೋಯಿತು. ಪಾಳೆಯಗಾರ ತೀರ್ಪು ಹೇಳಲು ಬಾಯಿ ತೆರೆದನು.

"ಶ್, ಬುದ್ಧಿ," ಎಂದಳು ಕ್ಯಾತಮ್ಮ, ತಿರುಗಿ ನೋಡದೆಯೇ. "ಬಾಣಂತಿ ಮಾತಾಡಬಾರದು. ನಾನಿನ್ನೂ ಏಳು ಅಂದಿಲ್ಲ."

ಪಾಳೆಯಗಾರ ಬಾಯಿ ಮುಚ್ಚಿದನು. ಚಂದ್ರ ಒಂದಿಷ್ಟು ಹೊತ್ತು ಇದ್ದು, ತನ್ನ ಪಾಡಿಗೆ ತಾನು ಮುಳುಗಿದನು. ಚಂದ್ರನೆದುರಿಗೆ ಹೇಳಬೇಕಾದ ತೀರ್ಪು ಬಾಯೊಳಗೇ ಉಳಿಯಿತು. ಕ್ಯಾತಮ್ಮ ಕೊನೆಗೂ ಏಳು ಎನ್ನಲಿಲ್ಲ. ಬೆಚ್ಚಗೆ ಹೋಗಿ ಬನ್ನಿ, ಗಾಳಿ ಸೋಕೀತು ಎಂದಷ್ಟೇ ಹೇಳಿದಳಂತೆ. ಆತ ತಲೆಬಟ್ಟೆಯನ್ನೂ ಬಿಚ್ಚದೆ ಕುದುರೆ ಹತ್ತಿ, ಎರಡೂ ಊರಿನವರಿಗೆ ಕೈ ಬೀಸಿ, ತುಟಿ ಪಿಟಕ್ಕೆನ್ನದೆ ಹೊರಟುಹೋದನು. ಕೊಟ್ಟ ಮಾತಿಗೆ ಕಟ್ಟುಬಿದ್ದು ಹಾಗೆ ಮಾಡಿದನೆಂದು ಕೆಲವರು, ತೀರ್ಪು ಹೇಳುವ ಕಾಟ ತಪ್ಪಿತಲ್ಲ ಎಂದು ಸಂತೋಷದಿಂದ ಹೋದನೆಂದು ಕೆಲವರು ಹೇಳುತ್ತಾರೆ. ನನಗೆ ಎರಡನೆಯದೇ ನಿಜವೆನಿಸುತ್ತದೆ. ತೀರ್ಪಿಲ್ಲದ ಮೇಲೆ ಗೆದ್ದವರಿಲ್ಲ, ಸೋತವರಿಲ್ಲ, ಗುಡ್ಡ ಕುದುರೆಗಳ ಪಾಲೂ ಅಲ್ಲ. ನುಂಕಪ್ಪನ ಮೀಸೆಗೆ ಕತ್ತಿ ಸೋಕಲಿಲ್ಲ. ಬೆಳಗಾದ ಮೇಲೆ ಎರಡೂ ಊರಿನ ದನ ಒಂದೇ ಹಿಂಡಾಗಿ ಗುಡ್ಡ ಹತ್ತಿದವು. ಕ್ಯಾತಮ್ಮ ಹಣ್ಣುಹಣ್ಣು ಮುದುಕಿಯಾಗಿ ತೀರಿಕೊಳ್ಳುವಾಗ, ಆ ಬಾಣಂತನ ಮುಗಿಯಿತೆಂದು ಈಗಲಾದರೂ ಹೇಳಿಬಿಡು ಎಂದು ಯಾರೋ ಕೇಳಿದರಂತೆ. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿ ನಕ್ಕಳಂತೆ.

ಇಂದಿಗೂ ಬಾನಿಗಳು ಅಲ್ಲೇ ಇವೆ. ಒಂದರ ಒಳಮೈ ಬಿಸಿಕಲ್ಲು ತಾಕಿ ಕಪ್ಪಾಗಿದೆ, ಇನ್ನೊಂದರದು ಬೆಳ್ಳಗಿದೆ. ಮಳೆ ಬಂದಾಗ ಎರಡೂ ತುಂಬುತ್ತವೆ, ಕುರಿಮರಿಗಳು ಕುಡಿಯುತ್ತವೆ. ಉಗಾದಿಯ ಚಂದ್ರ ಕಾಣುವ ಸಂಜೆ ಬಂದರೆ ನೀವೂ ನೋಡಬಹುದು. ಎರಡೂ ಊರಿನ ಗಂಡಸರು ಲಕ್ಕಿ ಸೊಪ್ಪಿನ ನೀರು ಕಾಯಿಸಿ, ಮೊದಲ ಚೊಂಬು ಬೀಳುವಾಗ ಎರಡು ಬೆರಳಿನಿಂದ ಮೀಸೆ ಹಿಡಿದು ಮೀಯುತ್ತಾರೆ. ಮೀಸೆಯಿಲ್ಲದ ಹುಡುಗರು ಬರಿಯ ತುಟಿಯನ್ನೇ ಹಿಡಿದುಕೊಳ್ಳುತ್ತಾರೆ. ಆಮೇಲೆ ಕಂಬಳಿ ಹೊದೆದು, ಈ ಊರಿನವನ ಮಗ್ಗುಲಲ್ಲಿ ಆ ಊರಿನವನು, ಮಾತಿಲ್ಲದೆ ಸಾಲಾಗಿ ಕೂರುತ್ತಾರೆ. ಹುಣಸೆಮರದ ಮುಂದಿನ ಗುಂಡಿನ ಮೇಲೆ ಎರಡೂ ಊರಿನಲ್ಲಿ ಹಿರಿಯಳಾದ ಹೆಂಗಸು ಬೆನ್ನು ಮಾಡಿ ಕೂರುತ್ತಾಳೆ. ಚಂದ್ರ ಕಾಣಿಸಿ ಎಲ್ಲರೂ ಕೈಮುಗಿದಾದ ಮೇಲೆ ಅವಳು ಮರವನ್ನು ಕೇಳುತ್ತಾಳೆ: "ಗುಡ್ಡದ ತೀರ್ಪು ಬಂತಾ?"

ಕಂಬಳಿಗಳ ಒಳಗಿನಿಂದ ಗಂಡಸರೆಲ್ಲ ಒಟ್ಟಿಗೆ ಹೇಳುತ್ತಾರೆ: "ಇಲ್ಲ ಕಣವ್ವ. ಇನ್ನೂ ಬಾಣಂತನ ಮುಗಿದಿಲ್ಲ."